ಪ್ಲಗಿನ್‌ನಲ್ಲಿ 140, ಪ್ರೋಗ್ರಾಮಿನಲ್ಲಿ ಸೊನ್ನೆ

ಪ್ರಶ್ನೆ: ನಾನು ಉಡುಪಿಯವನು, ಇಂಜಿನಿಯರಿಂಗ್ ಕೊನೆಯ ವರ್ಷ. ಮಲ್ಪೆಯಲ್ಲಿ ನನ್ನ ಮಾವನಿಗೆ ಐಸ್ ಪ್ಲಾಂಟ್ ಇದೆ. ಅವರಿಗೆ ಲಿನಕ್ಸ್‌ನಲ್ಲಿ, ಸಿ ಭಾಷೆಯಲ್ಲಿ ಒಂದು ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಟ್ಟಿದ್ದೇನೆ. ಟ್ರಾಲ್ ಬೋಟಿಗೆ ಒಂದು ರೇಟು, ನಾಡದೋಣಿಗೆ ಒಂದು, ಮೀನಿನ ಲಾರಿಗೆ ಇನ್ನೊಂದು. ಪ್ರತಿಯೊಂದರ ಲೆಕ್ಕಕ್ಕೂ ಬೇರೆ ಬೇರೆ ಡೈನಾಮಿಕ್ ಲೈಬ್ರರಿ, ಅಂದರೆ ಪ್ರೋಗ್ರಾಮಿನ ಹೊರಗೆ ಬೇರೆ ಫೈಲಾಗಿ ಇರುವ ಕೋಡ್, ಒಂದು ರೀತಿಯ ಪ್ಲಗಿನ್. ಇವತ್ತು ಎಷ್ಟು ಐಸ್ ಗಡ್ಡೆ ಹೋಯಿತು ಅನ್ನುವುದಕ್ಕೆ ‘ಒಟ್ಟು’ ಎಂಬ ಗ್ಲೋಬಲ್ ವೇರಿಯಬಲ್ (ಎಲ್ಲ ಕಡೆಯಿಂದಲೂ ಓದಿ ಬರೆಯಬಹುದಾದದ್ದು). ಅದು ಹೆಡರ್ ಫೈಲಿನಲ್ಲಿದೆ, ಎಲ್ಲ ಕಡೆ ಅದನ್ನೇ ಇನ್‌ಕ್ಲೂಡ್ ಮಾಡಿದ್ದೇನೆ. ಮೊದಲು ಕಂಪೈಲ್ ಮಾಡುವಾಗಲೇ ಲೈಬ್ರರಿಗಳನ್ನು ಲಿಂಕ್ ಮಾಡುತ್ತಿದ್ದೆ, ಸರಿಯಾಗಿತ್ತು. ರೇಟು ಬದಲಾದಾಗ ಇಡೀ ಪ್ರೋಗ್ರಾಮ್ ಮುಟ್ಟುವುದು ಬೇಡ ಅಂತ, ಓಡುತ್ತಿರುವಾಗ ಲೈಬ್ರರಿ ತೆರೆಯುವ ಡಿಎಲ್‌ಓಪನ್‌ಗೆ ಬಂದೆ. ಈಗ ಲೈಬ್ರರಿಯೊಳಗೆ ಪ್ರಿಂಟ್ ಮಾಡಿದರೆ 140, ಮುಖ್ಯ ಪ್ರೋಗ್ರಾಮಿನಲ್ಲಿ 0. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಯಾಕೆ? ಇದನ್ನೇ ವಿಂಡೋಸ್‌ಗೆ ಒಯ್ದರೆ ನಡೆಯುತ್ತದಾ? ಮತ್ತೆ, ಹೊರಗೆ ಗೋಡೆಯ ಟಿವಿಯಲ್ಲಿ ಒಟ್ಟು ತೋರಿಸುವ ಇನ್ನೊಂದು ಪ್ರೋಗ್ರಾಮ್ ಬೇಕು. ಅದೂ ಇದೇ ಲೈಬ್ರರಿ ಬಳಸಿದರೆ ಬೆಲೆ ತನ್ನಷ್ಟಕ್ಕೆ ಸಿಗುತ್ತದೆ ಅಲ್ವಾ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಲೈಬ್ರರಿಯಲ್ಲೊಂದು, ಮುಖ್ಯ ಪ್ರೋಗ್ರಾಮಿನಲ್ಲೊಂದು ಪ್ರಿಂಟ್‌ಎಫ್ ಸಾಲು ಹಾಕಿ. ‘ಒಟ್ಟು’ವಿನ ಬೆಲೆಯನ್ನಲ್ಲ, ವಿಳಾಸವನ್ನು ಪ್ರಿಂಟ್ ಮಾಡಿ. ಮುಂದೆ ಆಂಪರ್‌ಸ್ಯಾಂಡ್, ಫಾರ್ಮ್ಯಾಟಿಗೆ ಪರ್ಸೆಂಟ್ ಪಿ. ನಿಮ್ಮದು ಮಾಮೂಲಿ 64 ಬಿಟ್ ಪಿಸಿ ಆಗಿದ್ದರೆ ಒಂದು ವಿಳಾಸ ಹೆಚ್ಚಾಗಿ 0ಎಕ್ಸ್55 ಅಂತ ಶುರುವಾಗುತ್ತದೆ, ಇನ್ನೊಂದು 0ಎಕ್ಸ್7ಎಫ್ ಅಂತ. ಮೊದಲನೆಯದು ಪ್ರೋಗ್ರಾಮಿನ ಸ್ವಂತ ಜಾಗ, ಎರಡನೆಯದು ಲೈಬ್ರರಿಗಳನ್ನು ತಂದು ಕೂರಿಸುವ ಜಾಗ. ಅಂದರೆ ನಿಮ್ಮಲ್ಲಿ ‘ಒಟ್ಟು’ ಒಂದಲ್ಲ, ಎರಡು ಉಂಟು. ಮೂರು ಲೈಬ್ರರಿ ಅಂತ ಬರೆದಿದ್ದೀರಿ, ಹಾಗಾದರೆ ನಾಲ್ಕು! ಗಡ್ಡೆ ಹೊರಗೆ ಹಾಕುವ ಹುಡುಗರು ತಂತಮ್ಮ ಪುಸ್ತಕದಲ್ಲಿ ಬರೆಯುತ್ತಿದ್ದಾರೆ, ನಿಮ್ಮ ಮಾವ ಮೇಜಿನ ಮೇಲಿನ ಖಾಲಿ ಪುಸ್ತಕ ಓದುತ್ತಿದ್ದಾರೆ, ಎಲ್ಲದರ ರಟ್ಟಿನ ಮೇಲೂ ಒಂದೇ ಹೆಸರು. ಎರರ್ ಬರುವುದಕ್ಕೆ ಇದರಲ್ಲಿ ತಪ್ಪೇನೂ ನಡೆದಿಲ್ಲ.

ಹೇಗೆ ಹೀಗಾಯಿತು? ನಿಮ್ಮ ಹೆಡರ್‌ನಲ್ಲಿ ‘ಇಂಟ್ ಒಟ್ಟು;’ ಅಂತ ಇರಬೇಕು, ಎಕ್ಸ್‌ಟರ್ನ್ ಇಲ್ಲದೆ. (ಕೋಡನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ನೀವು ಅರ್ಥ ಮಾಡಿಕೊಳ್ಳುತ್ತೀರಿ.) ಆ ಸಾಲಿನ ಅರ್ಥ ‘ಒಟ್ಟು ಅಂತ ಒಂದು ಎಲ್ಲೋ ಇದೆ’ ಅಂತ ಅಲ್ಲ, ‘ಇಲ್ಲೇ ಜಾಗ ಮಾಡು’ ಅಂತ. ಹೆಡರ್ ಎಲ್ಲೆಲ್ಲಿ ಇನ್‌ಕ್ಲೂಡ್ ಆಯಿತೋ ಅಲ್ಲೆಲ್ಲ ಜಾಗ ಆಯಿತು. ಒಂದೇ ಪ್ರೋಗ್ರಾಮಿನ ಎರಡು ಸಿ ಫೈಲುಗಳಲ್ಲಿ ಹೀಗೆ ಮಾಡಿದ್ದರೆ, ಫೈಲುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಲಿಂಕರ್ ‘ಮಲ್ಟಿಪಲ್ ಡೆಫಿನಿಶನ್’ ಅಂತ ಬೈಯುತ್ತಿತ್ತು. 2020ರಲ್ಲಿ ಬಂದ ಜಿಸಿಸಿ 10ರಿಂದ ಹಾಗೆ (ಜಿಸಿಸಿ ಅಂದರೆ ಲಿನಕ್ಸ್‌ನ ಮಾಮೂಲಿ ಸಿ ಕಂಪೈಲರ್). ಅದಕ್ಕಿಂತ ಹಳೆಯ ಜಿಸಿಸಿ ಸುಮ್ನೆ ಎಲ್ಲವನ್ನೂ ಸೇರಿಸಿ ಒಂದು ಮಾಡಿಬಿಡುತ್ತಿತ್ತು. ಹಾಗಾಗಿಯೇ ಹಳೆಯ ಲ್ಯಾಬ್ ಮ್ಯಾನುವಲ್ ನೋಡಿ ಕಲಿತವರ ಕೋಡಿನಲ್ಲಿ ಇದು ಜಾಸ್ತಿ. ನಿಮ್ಮಲ್ಲಿ ಪ್ರೋಗ್ರಾಮಿಗೆ ಒಂದೇ ಸಿ ಫೈಲು, ಪ್ರತಿ ಲೈಬ್ರರಿಗೂ ಒಂದೊಂದೇ ಇದ್ದಿರಬೇಕು. ಅದಕ್ಕೇ ಯಾರೂ ಬೈಯಲಿಲ್ಲ.

ಈಗ ಮಜಾ ಇರುವುದು ಇಲ್ಲಿ: ಮೊದಲು ಹೇಗೆ ಸರಿಯಾಗಿತ್ತು? ಆಗಲೂ ಜಾಗ ನಾಲ್ಕೇ ಇದ್ದದ್ದು. ಆದರೆ ಲಿನಕ್ಸ್‌ನಲ್ಲಿ ಪ್ರೋಗ್ರಾಮ್ ಶುರುವಾಗುವಾಗ, ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್ ಪ್ರತಿ ಹೆಸರನ್ನೂ ಹುಡುಕುವುದಕ್ಕೆ ಒಂದು ಕ್ರಮ ಉಂಟು. ಮೊದಲು ಮುಖ್ಯ ಪ್ರೋಗ್ರಾಮ್, ಆಮೇಲೆ ಲೈಬ್ರರಿಗಳು ಸಾಲಾಗಿ. ಮೊದಲು ಎಲ್ಲಿ ಸಿಕ್ಕಿತೋ ಎಲ್ಲರಿಗೂ ಅದೇ. ಲೈಬ್ರರಿಯೊಳಗಿನ ಕೋಡ್ ಕೂಡ ‘ಒಟ್ಟು’ವನ್ನು ನೇರವಾಗಿ ಮುಟ್ಟುವುದಿಲ್ಲ, ಗಾಟ್ ಎಂಬ ವಿಳಾಸಗಳ ಪಟ್ಟಿಯ ಮೂಲಕ ಹೋಗುತ್ತದೆ. ಆ ಪಟ್ಟಿಯಲ್ಲಿ ಲೋಡರ್ ಮುಖ್ಯ ಪ್ರೋಗ್ರಾಮಿನ ‘ಒಟ್ಟು’ವಿನ ವಿಳಾಸ ಬರೆದುಬಿಟ್ಟಿತು. ಲೈಬ್ರರಿಯ ಸ್ವಂತ ಜಾಗಗಳು ಯಾರೂ ಕೇಳುವವರಿಲ್ಲದೆ ಹಾಗೇ ಬಿದ್ದಿದ್ದವು.

ಹಾಗಾದರೆ ಡಿಎಲ್‌ಓಪನ್ ಮಾಡಿದಾಗಲೂ ಲೋಡರ್ ಮೊದಲು ಮುಖ್ಯ ಪ್ರೋಗ್ರಾಮಿನಲ್ಲೇ ಹುಡುಕಬೇಕಲ್ಲ? ಹುಡುಕುತ್ತದೆ. ಸಿಗುವುದಿಲ್ಲ, ಅಷ್ಟೇ. ಪ್ರೋಗ್ರಾಮಿನ ಎಲ್ಲ ಹೆಸರುಗಳೂ ಹೊರಗೆ ಕಾಣುವುದಿಲ್ಲ. ಕಾಣಬೇಕಾದರೆ ಡೈನಾಮಿಕ್ ಸಿಂಬಲ್ ಟೇಬಲ್ ಎಂಬ ಪಟ್ಟಿಯಲ್ಲಿ ಇರಬೇಕು. ಕಂಪೈಲ್ ಮಾಡುವಾಗಲೇ ಲೈಬ್ರರಿ ಕೊಟ್ಟಿದ್ದಾಗ ಲಿಂಕರ್ ಅದನ್ನು ಕಣ್ಣಾರೆ ನೋಡಿತ್ತು: ‘ಓ, ಈ ಹೆಸರು ಅಲ್ಲೂ ಇದೆ, ಹಾಗಾದರೆ ಪಟ್ಟಿಗೆ ಹಾಕಬೇಕು’ ಅಂತ ತಾನೇ ಹಾಕಿತು. ಡಿಎಲ್‌ಓಪನ್‌ನಲ್ಲಿ ಲಿಂಕರ್‌ಗೆ ಯಾವ ಲೈಬ್ರರಿ ಬರಲಿದೆ ಅಂತಲೇ ಗೊತ್ತಿಲ್ಲ. ಪಟ್ಟಿಗೆ ಹಾಕಲಿಲ್ಲ. ಲೋಡರ್ ಹುಡುಕಿತು, ಸಿಗಲಿಲ್ಲ, ಲೈಬ್ರರಿಯ ಸ್ವಂತ ಜಾಗವನ್ನೇ ಕೊಟ್ಟಿತು. 140 ಅಲ್ಲಿಗೆ ಹೋಯಿತು.

ಸರಿ ಮಾಡುವುದು ಹೀಗೆ. ಹೆಡರ್‌ನಲ್ಲಿ ‘ಎಕ್ಸ್‌ಟರ್ನ್ ಇಂಟ್ ಒಟ್ಟು;’ ಅಂತ ಬರೆಯಿರಿ. ಮುಖ್ಯ ಸಿ ಫೈಲಿನಲ್ಲಿ ಮಾತ್ರ, ಒಂದೇ ಒಂದು ಕಡೆ, ‘ಇಂಟ್ ಒಟ್ಟು = 0;’. ಈಗ ಓಡಿಸಿದರೆ ಡಿಎಲ್‌ಓಪನ್ ಸೋಲುತ್ತದೆ, ಡಿಎಲ್‌ಎರರ್ ಕೇಳಿದರೆ ‘ಅನ್‌ಡಿಫೈನ್ಡ್ ಸಿಂಬಲ್’ ಅಂತ ಹೆಸರು ಸಮೇತ ಹೇಳುತ್ತದೆ. ಹೆದರಬೇಡಿ, ಇದು ಒಳ್ಳೆಯ ಸುದ್ದಿ. ತಪ್ಪು ಲೆಕ್ಕ ತೋರಿಸಿಕೊಂಡು ಕೂರುವುದಕ್ಕಿಂತ ಬಾಯಿಬಿಟ್ಟು ಸೋಲುವುದು ಎಷ್ಟೋ ವಾಸಿ. (ಡಿಎಲ್‌ಓಪನ್‌ಗೆ ಲೇಜಿ, ಅಂದರೆ ‘ಬೇಕಾದಾಗ ಹುಡುಕಿದರೆ ಸಾಕು’, ಅಂತ ಕೊಟ್ಟರೆ ಪಾರಾಗಬಹುದು ಅಂತ ಕೆಲವರು ಹೇಳುತ್ತಾರೆ, ಇಲ್ಲ. ಲೇಜಿ ಅನ್ವಯಿಸುವುದು ಫಂಕ್ಷನ್‌ಗಳಿಗೆ ಮಾತ್ರ. ವೇರಿಯಬಲ್ ಲೋಡ್ ಆಗುವಾಗಲೇ ಸಿಗಬೇಕು.) ಈಗ ಮುಖ್ಯ ಪ್ರೋಗ್ರಾಮನ್ನು ಲಿಂಕ್ ಮಾಡುವ ಸಾಲಿಗೆ ಹೈಫನ್ ಹಾಕಿ ‘ಆರ್‌ಡೈನಾಮಿಕ್’ ಸೇರಿಸಿ. ಅದರ ಅರ್ಥ ‘ನನ್ನ ಗ್ಲೋಬಲ್ ಹೆಸರುಗಳನ್ನೆಲ್ಲ ಆ ಪಟ್ಟಿಗೆ ಹಾಕು’ ಅಂತ. ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸುವುದಾದರೆ ಎನೇಬಲ್ ಎಕ್ಸ್‌ಪೋರ್ಟ್ಸ್ ಎಂಬ ಪ್ರಾಪರ್ಟಿ. ಮತ್ತೆ ವಿಳಾಸ ಪ್ರಿಂಟ್ ಮಾಡಿ ನೋಡಿ, ಎಲ್ಲ ಕಡೆ ಒಂದೇ 55 ಬರುತ್ತದೆ.

ನಂಬಿಕೆ ಬಾರದಿದ್ದರೆ, ಹೆಸರುಗಳ ಪಟ್ಟಿ ತೋರಿಸುವ ಎನ್ಎಮ್ ಕಮಾಂಡಿಗೆ ದೊಡ್ಡ ಡಿ ಆಪ್ಶನ್ ಕೊಟ್ಟು ಎರಡೂ ಫೈಲುಗಳನ್ನು ನೋಡಿ. ಲೈಬ್ರರಿಯಲ್ಲಿ ‘ಒಟ್ಟು’ವಿನ ಹಿಂದೆ ‘ಯು’ ಇರಬೇಕು, ಅಂದರೆ ನನ್ನ ಹತ್ತಿರ ಇಲ್ಲ, ಯಾರಾದರೂ ಕೊಡಿ ಅಂತ. ಪ್ರೋಗ್ರಾಮಿನಲ್ಲಿ ‘ಬಿ’ ಅಥವಾ ‘ಡಿ’, ಅಂದರೆ ನನ್ನಲ್ಲಿ ಉಂಟು ಅಂತ. ಲೈಬ್ರರಿಯಲ್ಲೂ ‘ಬಿ’ ಕಂಡರೆ, ಎರಡೆರಡು ಕಡೆ ಜಾಗ ಮಾಡುವ ನಿಮ್ಮ ಹಳೆಯ ತಪ್ಪು ವಾಪಸ್ ಬಂದಿದೆ. ಇನ್ನೂ ಗೊಂದಲವಾದರೆ ಎಲ್‌ಡಿ ಡೀಬಗ್ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗೆ ‘ಬೈಂಡಿಂಗ್ಸ್’ ಅಂತ ಕೊಟ್ಟು ಓಡಿಸಿ. ಯಾವ ಫೈಲಿನ ಯಾವ ಹೆಸರು ಯಾವ ಫೈಲಿಗೆ ಹೋಗಿ ಸೇರಿತು ಅಂತ ಲೋಡರ್ ತಾನೇ ಸಾಲು ಸಾಲಾಗಿ ಒಪ್ಪಿಸುತ್ತದೆ. ಸಾವಿರಗಟ್ಟಲೆ ಸಾಲು ಬರುತ್ತದೆ, ಬೇಕಾದ ಸಾಲಷ್ಟನ್ನೇ ಗ್ರೆಪ್ ಮಾಡಿ ತೆಗೆಯಿರಿ.

ಆರ್‌ಡೈನಾಮಿಕ್‌ಗೆ ಒಂದು ಅಡ್ಡ ಪರಿಣಾಮ ಇದೆ. ನಿಮ್ಮ ಪ್ರೋಗ್ರಾಮಿನಲ್ಲಿ ‘ರೇಟ್’ ಎಂಬ ಫಂಕ್ಷನ್ ಇದೆ, ಟ್ರಾಲ್ ಬೋಟಿನ ಲೈಬ್ರರಿಯಲ್ಲೂ ಅದೇ ಹೆಸರಿನದು ಇದೆ ಅಂತ ಇಟ್ಟುಕೊಳ್ಳಿ. ಈಗ ಲೈಬ್ರರಿ ತನ್ನದೇ ‘ರೇಟ್’ ಕರೆದರೂ ಹೋಗುವುದು ಪ್ರೋಗ್ರಾಮಿನದಕ್ಕೆ! ಅದೇ ಹುಡುಕುವ ಕ್ರಮದ ಕಥೆ. ಹೊರಗೆ ಬೇಡದ್ದಕ್ಕೆಲ್ಲ ಸ್ಟ್ಯಾಟಿಕ್ ಹಾಕಿ (ಆಗ ಹೆಸರು ಆ ಫೈಲಿನ ಹೊರಗೆ ಕಾಣುವುದಿಲ್ಲ), ಇಲ್ಲವೇ ಎಲ್ಲವನ್ನೂ ಬಿಡುವ ಬದಲು ಡೈನಾಮಿಕ್ ಲಿಸ್ಟ್ ಎಂಬ ಲಿಂಕರ್ ಆಪ್ಶನ್‌ನಲ್ಲಿ ಬೇಕಾದ ಹೆಸರಷ್ಟೇ ಕೊಡಿ.

‘ಉಲ್ಟಾ ಮಾಡಿ, ಒಟ್ಟುವನ್ನು ಲೈಬ್ರರಿಯಲ್ಲಿಟ್ಟು ಪ್ರೋಗ್ರಾಮಿನಿಂದ ಓದಿದರೆ?’ ಅಂತ ನೀವು ಕೇಳಿಲ್ಲ, ಆದರೆ ನಾಳೆ ಕೇಳುತ್ತೀರಿ. ಕಂಪೈಲ್ ಸಮಯದಲ್ಲಿ ಲಿಂಕ್ ಮಾಡಿದರೆ ನಡೆಯುತ್ತದೆ. ಹೇಗೆ ನಡೆಯುತ್ತದೆ ಅನ್ನುವುದೇ ವಿಚಿತ್ರ. ನೀವು ದಿನಾ ಬಳಸುವ ಸ್ಟ್ಯಾಂಡರ್ಡ್ ಔಟ್ ಇದೆಯಲ್ಲ, ಎಫ್‌ಪ್ರಿಂಟ್‌ಎಫ್‌ಗೆ ಕೊಡುವ ‘ಎಸ್‌ಟಿಡಿಔಟ್’, ಅದು ಸಿ ಲೈಬ್ರರಿಯೊಳಗಿನ ಒಂದು ಗ್ಲೋಬಲ್ ವೇರಿಯಬಲ್. ಅದನ್ನು ಬಳಸುವ ಪುಟ್ಟ ಪ್ರೋಗ್ರಾಮ್ ಬರೆದು ರೀಡ್‌ಎಲ್ಫ್ ಎಂಬ ಕಮಾಂಡಿಗೆ ಸಣ್ಣ ಆರ್ ಆಪ್ಶನ್ ಕೊಟ್ಟು ನೋಡಿ. ಇಂಟೆಲ್, ಎಎಂಡಿ ಪಿಸಿಗಳಲ್ಲಿ ‘ಕಾಪಿ’ ಅಂತ ಕೊನೆಯಾಗುವ ಒಂದು ರಿಲೊಕೇಶನ್ (ಲೋಡರ್‌ಗೆ ಲಿಂಕರ್ ಬರೆದಿಟ್ಟ ಸೂಚನೆ) ಕಾಣುತ್ತದೆ. ಅಂದರೆ ಲಿಂಕರ್ ನಿಮ್ಮ ಪ್ರೋಗ್ರಾಮಿನಲ್ಲೇ ಆ ವೇರಿಯಬಲ್‌ಗೆ ಜಾಗ ಮಾಡಿಟ್ಟಿದೆ. ಶುರುವಾಗುವಾಗ ಲೋಡರ್ ಲೈಬ್ರರಿಯಿಂದ ಮೊದಲ ಬೆಲೆಯನ್ನು ಅಲ್ಲಿಗೆ ನಕಲು ಮಾಡಿ, ಲೈಬ್ರರಿಗೂ ‘ಇನ್ನು ಮೇಲೆ ನೀನೂ ಅದನ್ನೇ ಬಳಸು’ ಅನ್ನುತ್ತದೆ. ಬಾಡಿಗೆಗೆ ಬಂದವನ ಕೋಣೆಗೆ ಮನೆಯ ಯಜಮಾನನೇ ಶಿಫ್ಟ್ ಆದ ಹಾಗೆ!

ಇದರಲ್ಲಿ ಎರಡು ಗುಂಡಿ ಉಂಟು. ಒಂದು, ಜಾಗದ ಅಳತೆ ಪ್ರೋಗ್ರಾಮ್ ಲಿಂಕ್ ಆದ ದಿನವೇ ಗಟ್ಟಿಯಾಗಿಬಿಡುತ್ತದೆ. ಲೈಬ್ರರಿಯಲ್ಲಿ 10 ರೇಟುಗಳ ಅರೇ ಇತ್ತು, ಹೊಸ ಲೈಬ್ರರಿಯಲ್ಲಿ 12 ಮಾಡಿದಿರಿ, ಪ್ರೋಗ್ರಾಮ್ ಹಳೆಯದೇ. ಲೋಡರ್ ‘ಅಳತೆ ಬೇರೆ ಇದೆ, ಮತ್ತೆ ಲಿಂಕ್ ಮಾಡುವುದು ಒಳ್ಳೆಯದು’ ಎಂಬ ಅರ್ಥದ ಒಂದು ಸಾಲು ಉದುರಿಸಿ ಮುಂದೆ ಹೋಗುತ್ತದೆ. ಕೊನೆಯ ಎರಡು ರೇಟು ಪಕ್ಕದ ಯಾರದ್ದೋ ಜಾಗದಲ್ಲಿ. ಇನ್ನೊಂದು, ಲೈಬ್ರರಿಯನ್ನು ‘ಬಿ ಸಿಂಬಾಲಿಕ್’ ಎಂಬ ಲಿಂಕರ್ ಆಪ್ಶನ್ ಹಾಕಿ ಕಟ್ಟಿದ್ದರೆ ಅದು ತನ್ನ ಸ್ವಂತ ಜಾಗ ಬಿಡುವುದಿಲ್ಲ. ಪ್ರೋಗ್ರಾಮ್ ನಕಲನ್ನು ನೋಡುತ್ತಿರುತ್ತದೆ, ಲೈಬ್ರರಿ ಅಸಲನ್ನು. ಪುನಃ 140 ಮತ್ತು 0.

ಡಿಎಲ್‌ಓಪನ್‌ನಲ್ಲಿ ಈ ಕಾಪಿ ಆಟ ಇಲ್ಲ. ಡಿಎಲ್‌ಸಿಮ್‌ಗೆ ಹೆಸರು ಕೊಟ್ಟು ಪಾಯಿಂಟರ್, ಅಂದರೆ ವಿಳಾಸ, ತೆಗೆದುಕೊಳ್ಳಬೇಕು. ಆದರೆ ನಿಮ್ಮ ಕೇಸಿನಲ್ಲಿ ಲೈಬ್ರರಿ ಬದಲಾಯಿಸುವುದೇ ಉದ್ದೇಶ. ಡಿಎಲ್‌ಕ್ಲೋಸ್ ಮಾಡಿ ಲೈಬ್ರರಿ ನಿಜವಾಗಿ ಇಳಿದುಹೋದರೆ ಅದರ ವೇರಿಯಬಲ್‌ಗಳೂ ಹೋದವು, ಮತ್ತೆ ತೆರೆದಾಗ ಸೊನ್ನೆಯಿಂದ ಶುರು. ಆದ್ದರಿಂದ ‘ಒಟ್ಟು’ ಪ್ರೋಗ್ರಾಮಿನಲ್ಲೇ ಇರಲಿ. ಹಾಗೆಯೇ ಪ್ರೋಗ್ರಾಮ್ ಓಡುತ್ತಿರುವಾಗ ಹೊಸ ಲೈಬ್ರರಿಯನ್ನು ಹಳೆಯದರ ಮೇಲೆ ಸಿಪಿ ಮಾಡಬೇಡಿ. ಸಿಪಿ ಅದೇ ಫೈಲನ್ನು ಅಳಿಸಿ ಬರೆಯುತ್ತದೆ, ಮೆಮೊರಿಯಲ್ಲಿ ಅದನ್ನು ಬಳಸುತ್ತಿರುವ ಪ್ರೋಗ್ರಾಮ್ ಅಲ್ಲೇ ಮಗುಚಬಹುದು. ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನಲ್ಲಿ ಇಟ್ಟು ಎಂವಿ ಮಾಡಿ.

ಸಿ++ ಬಳಸುವವರಿಗೆ ನನ್ನ ಒಂದು ಕಥೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಮಂಗಳೂರಿನ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಗೆ ತೂಕದ ಸಾಫ್ಟ್‌ವೇರ್ ಬರೆದಿದ್ದೆ. ಲಾಗ್ ಬರೆಯುವ ಕೋಡ್ ಒಂದು ಸ್ಟ್ಯಾಟಿಕ್ ಲೈಬ್ರರಿ, ಅಂದರೆ ಲಿಂಕ್ ಮಾಡಿದ ಪ್ರತಿಯೊಂದರೊಳಗೂ ಅದರ ನಕಲು ಸೇರಿಕೊಳ್ಳುತ್ತದೆ. ಅದನ್ನು ಪ್ರೋಗ್ರಾಮಿಗೂ ಲಿಂಕ್ ಮಾಡಿದ್ದೆ, ತೂಕದ ಯಂತ್ರದ ಜೊತೆ ಮಾತಾಡುವ ಡೈನಾಮಿಕ್ ಲೈಬ್ರರಿಗೂ ಲಿಂಕ್ ಮಾಡಿದ್ದೆ. ಅದರೊಳಗೆ ಸಂಸ್ಥೆಯ ಹೆಸರು ಇಡುವ ಒಂದು ಗ್ಲೋಬಲ್ ಸ್ಟ್ರಿಂಗ್. ನಮ್ಮ ಆಫೀಸಿನಲ್ಲಿ ವಾರಗಟ್ಟಲೆ ಟೆಸ್ಟ್ ಮಾಡಿದರೂ ಏನೂ ಇಲ್ಲ. ಅಲ್ಲಿ ಹಾಕಿದ ಮೇಲೆ ಪ್ರತಿದಿನ ಸಂಜೆ ಪ್ರೋಗ್ರಾಮ್ ಮುಚ್ಚುವಾಗ ‘ಡಬಲ್ ಫ್ರೀ’ (ಒಂದೇ ಮೆಮೊರಿಯನ್ನು ಎರಡು ಸಲ ವಾಪಸ್ ಕೊಟ್ಟದ್ದು) ಅಂತ ಕ್ರ್ಯಾಶ್. ದಿನವಿಡೀ ಸರಿ, ಮುಚ್ಚುವಾಗ ಮಾತ್ರ. ಅಲ್ಲಿನ ಗುಮಾಸ್ತರು ‘ಸಾಯುವಾಗ ಒಮ್ಮೆ ಕೂಗಿ ಸಾಯ್ತದೆ ಮಾರಾಯ್ರೆ’ ಅಂದಿದ್ದರು.

ಆಗಿದ್ದು ಇಷ್ಟು. ಹೆಸರು ಒಂದೇ ಆದ್ದರಿಂದ ಲೋಡರ್ ಎರಡೂ ಕಡೆಯವರಿಗೆ ಒಂದೇ ಸ್ಟ್ರಿಂಗ್ ಕೊಟ್ಟಿತ್ತು. ಆದರೆ ಕನ್‌ಸ್ಟ್ರಕ್ಟರ್ ಓಡಿಸುವ ಕೋಡ್ ಪ್ರೋಗ್ರಾಮಿನಲ್ಲೊಂದು, ಲೈಬ್ರರಿಯಲ್ಲೊಂದು ಇತ್ತು. ಒಂದೇ ಆಬ್ಜೆಕ್ಟನ್ನು ಎರಡು ಸಲ ಕಟ್ಟಿ, ಮುಚ್ಚುವಾಗ ಎರಡು ಸಲ ಕೆಡವಿತು. ಆಫೀಸಿನಲ್ಲಿ ಯಾಕೆ ಕಾಣಲಿಲ್ಲ? ಜಿಸಿಸಿಯ ಸ್ಟ್ರಿಂಗ್ 15 ಅಕ್ಷರದವರೆಗೆ ತನ್ನೊಳಗೇ ಇಟ್ಟುಕೊಳ್ಳುತ್ತದೆ, ಅದಕ್ಕಿಂತ ಉದ್ದವಾದರೆ ಮಾತ್ರ ಹೀಪ್‌ನಿಂದ ಜಾಗ ಕೇಳುತ್ತದೆ. ನಾವು ಟೆಸ್ಟಿಗೆ ಹಾಕಿದ್ದು ‘ಟೆಸ್ಟ್’ ಅಂತ. ಕಾರ್ಖಾನೆಯ ಹೆಸರು ಉದ್ದ, ಅಪ್ಪನ ಹೆಸರು, ಮಕ್ಕಳ ಹೆಸರು ಎಲ್ಲ ಸೇರಿ. ಅದನ್ನು ಎರಡು ಸಲ ಫ್ರೀ ಮಾಡಿತು. ಕಾರಣ ಹಿಡಿಯಲು ನನಗೆ ಎರಡು ವಾರ ಹಿಡಿಯಿತು. ಸ್ಟ್ಯಾಟಿಕ್ ಲೈಬ್ರರಿಯನ್ನು ಡೈನಾಮಿಕ್ ಮಾಡಿ ಇಬ್ಬರಿಗೂ ಅದೊಂದನ್ನೇ ಕೊಟ್ಟೆ, ಮುಗಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸ್ವಂತ ಅಭಿಪ್ರಾಯ: ಇವತ್ತು ಆರ್‌ಡೈನಾಮಿಕ್ ಹಾಕಿ ಮಾವನ ಕೆಲಸ ನಡೆಸಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಹೆಸರಿನ ಮೇಲೆ ಹಂಚಿಕೊಳ್ಳುವುದನ್ನು ಬಿಟ್ಟು ಪಾಯಿಂಟರ್ ಕೈಗೆ ಕೊಡಿ. ‘ಒಟ್ಟು’, ತಾರೀಕು, ರೇಟಿನ ಪಟ್ಟಿ ಎಲ್ಲ ಸೇರಿಸಿ ಒಂದು ಸ್ಟ್ರಕ್ಟ್ ಮಾಡಿ. ಅದು ಪ್ರೋಗ್ರಾಮಿನಲ್ಲಿ ಇರಲಿ, ಬೇಕಿದ್ದರೆ ಸ್ಟ್ಯಾಟಿಕ್ ಆಗಿಯೇ. ಪ್ರತಿ ಲೈಬ್ರರಿಯಲ್ಲೂ ‘ಶುರು’ ಎಂಬ ಒಂದು ಫಂಕ್ಷನ್. ಡಿಎಲ್‌ಓಪನ್ ಆದ ತಕ್ಷಣ ಡಿಎಲ್‌ಸಿಮ್‌ನಿಂದ ಅದನ್ನು ಹುಡುಕಿ, ಸ್ಟ್ರಕ್ಟಿನ ವಿಳಾಸ ಕೊಟ್ಟು ಕರೆಯಿರಿ. ಲೈಬ್ರರಿ ಆ ಪಾಯಿಂಟರ್ ಇಟ್ಟುಕೊಳ್ಳುತ್ತದೆ. ಸ್ಟ್ರಕ್ಟಿನ ಮೊದಲ ಸದಸ್ಯ ಅದರ ಅಳತೆ ಅಥವಾ ಆವೃತ್ತಿಯ ಸಂಖ್ಯೆ ಆಗಿರಲಿ, ಹಳೆಯ ಲೈಬ್ರರಿ ಹೊಸ ಪ್ರೋಗ್ರಾಮ್ ಬೆರೆತರೆ ಅಲ್ಲೇ ಗೊತ್ತಾಗುತ್ತದೆ. ಇಲ್ಲಿ ಲಿಂಕರ್ ಏನು ಅಂದುಕೊಂಡಿತು, ಲೋಡರ್ ಯಾರನ್ನು ಮೊದಲು ನೋಡಿತು ಎಂಬ ಪ್ರಶ್ನೆಯೇ ಇಲ್ಲ. ಬರೆಯಲು ಪುರುಸೊತ್ತು ಬೇಕಾದರೆ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ದಡದಲ್ಲಿರುತ್ತವೆ, ಮಾವನೂ ಅಷ್ಟು ಅರ್ಜೆಂಟ್ ಮಾಡಲಿಕ್ಕಿಲ್ಲ.

ವಿಂಡೋಸ್ ವಿಷಯ. ನಿಮ್ಮ ಹಳೆಯ ಕೋಡ್ ಅಲ್ಲಿ ಯಾವ ರೀತಿ ಲಿಂಕ್ ಮಾಡಿದರೂ ಸೊನ್ನೆಯೇ ತೋರಿಸುತ್ತಿತ್ತು. ಅಲ್ಲಿ ಹೆಸರನ್ನು ಸಾಲಾಗಿ ಎಲ್ಲ ಕಡೆ ಹುಡುಕುವ ಪದ್ಧತಿ ಇಲ್ಲ. ಈ ಹೆಸರು ಈ ಡಿಎಲ್ಎಲ್‌ನಿಂದ (ವಿಂಡೋಸ್‌ನ ಡೈನಾಮಿಕ್ ಲೈಬ್ರರಿಗೆ ಆ ಹೆಸರು) ಅಂತ ಲಿಂಕ್ ಮಾಡುವಾಗಲೇ ಬರೆದಿರುತ್ತದೆ. ಡಿಎಲ್ಎಲ್ ಕಟ್ಟುವಾಗ ‘ಯಾರಾದರೂ ಕೊಡಿ’ ಅಂತ ಹೆಸರು ಖಾಲಿ ಬಿಡುವ ಹಾಗೂ ಇಲ್ಲ, ಲಿಂಕರ್ ಒಪ್ಪುವುದಿಲ್ಲ. ವೇರಿಯಬಲ್ ಡಿಎಲ್ಎಲ್‌ನಲ್ಲಿದ್ದರೆ ಅಲ್ಲಿ ಡಿಎಲ್ಎಲ್‌ಎಕ್ಸ್‌ಪೋರ್ಟ್, ಬಳಸುವ ಕಡೆ ಡಿಎಲ್ಎಲ್‌ಇಂಪೋರ್ಟ್ ಅಂತ ಘೋಷಿಸಬೇಕು. ಫಂಕ್ಷನ್‌ಗೆ ಇಂಪೋರ್ಟ್ ಮರೆತರೂ ನಡೆಯುತ್ತದೆ, ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ವೇರಿಯಬಲ್‌ಗೆ ಮರೆತರೆ ನಡೆಯುವುದಿಲ್ಲ. ಮ್ಯಾಕ್‌ನಲ್ಲೂ ಲೈಬ್ರರಿಯ ಹೆಸರು, ವೇರಿಯಬಲ್ ಹೆಸರು ಎರಡನ್ನೂ ಜೋಡಿಯಾಗಿ ನೆನಪಿಡುವ ಪದ್ಧತಿ, ಲಿನಕ್ಸ್ ಅಂದುಕೊಂಡು ಹೋದರೆ ಎಡವುತ್ತೀರಿ. ಪಾಯಿಂಟರ್ ಕೈಗೆ ಕೊಡುವ ವಿಧಾನ ಮೂರೂ ಕಡೆ ಹಾಗೇ ಓಡುತ್ತದೆ. ವಿಂಡೋಸ್‌ನಲ್ಲಿ ಇನ್ನೊಂದೇ ಎಚ್ಚರ: ಒಂದು ಡಿಎಲ್ಎಲ್‌ನಲ್ಲಿ ಮ್ಯಾಲಾಕ್ ಮಾಡಿ ಪಡೆದ ಮೆಮೊರಿಯನ್ನು ಇನ್ನೊಂದು ಕಡೆ ಫ್ರೀ ಮಾಡಬೇಡಿ. ಸಿ ಲೈಬ್ರರಿಯನ್ನು ಇಬ್ಬರೂ ಸ್ಟ್ಯಾಟಿಕ್ ಆಗಿ ಸೇರಿಸಿಕೊಂಡಿದ್ದರೆ ಇಬ್ಬರ ಲೆಕ್ಕವೂ ಬೇರೆ ಬೇರೆ.

ಕೊನೆಗೆ ಟಿವಿ. ಇಲ್ಲ, ತನ್ನಷ್ಟಕ್ಕೆ ಸಿಗುವುದಿಲ್ಲ. ‘ಶೇರ್ಡ್ ಲೈಬ್ರರಿ’ ಎಂಬ ಹೆಸರಿನಿಂದ ಈ ತಪ್ಪು ತಿಳಿವಳಿಕೆ ಬಂದಿದೆ. ಎರಡು ಪ್ರೋಗ್ರಾಮ್‌ಗಳ ನಡುವೆ ಹಂಚಿಕೆಯಾಗುವುದು ಲೈಬ್ರರಿಯ ಕೋಡ್. ಅದರ ವೇರಿಯಬಲ್‌ಗಳು ಪ್ರತಿ ಪ್ರೋಸೆಸ್‌ಗೂ ಬೇರೆ. ಯಾರಾದರೂ ಬರೆದ ಕ್ಷಣದಲ್ಲಿ ಕರ್ನಲ್ ಆ ಪುಟದ ನಕಲು ಮಾಡಿ ಬರೆದವರಿಗೆ ಮಾತ್ರ ಕೊಡುತ್ತದೆ. 16 ಬಿಟ್ ವಿಂಡೋಸ್ ಕಾಲದಲ್ಲಿ ಡಿಎಲ್ಎಲ್‌ನ ಡೇಟಾ ನಿಜವಾಗಿಯೂ ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದೇ ಇತ್ತು, ಒಬ್ಬ ಕೆಡಿಸಿದರೆ ಎಲ್ಲರಿಗೂ ಕೆಡುತ್ತಿತ್ತು. 32 ಬಿಟ್‌ಗೆ ಬಂದಾಗ ಅದು ಹೋಯಿತು, ಪೀಡೆ ಹೋಯಿತು.

ಪ್ರೋಸೆಸ್‌ಗಳ ನಡುವೆ ಬೇಕೇ ಬೇಕಾದರೆ ಶೇರ್ಡ್ ಮೆಮೊರಿ ಇದೆ. ಎಸ್‌ಎಚ್‌ಎಂ ಓಪನ್, ಆಮೇಲೆ ಎಂಮ್ಯಾಪ್. ಅದರೊಳಗೆ ಪಾಯಿಂಟರ್ ಇಡಬೇಡಿ, ಎರಡು ಪ್ರೋಸೆಸ್‌ನಲ್ಲಿ ಒಂದೇ ಜಾಗ ಬೇರೆ ಬೇರೆ ವಿಳಾಸದಲ್ಲಿ ಕಾಣಬಹುದು. ಆದರೆ ಅದು ಇರುವುದು ರ‍್ಯಾಮ್‌ನಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ, ಒಮ್ಮೆ ಹೋಗಿ ಬಂದರೆ ದಿನದ ಲೆಕ್ಕ ಸೊನ್ನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ರತಿ ಬಿಲ್ಲನ್ನೂ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ ಬರೆಯುತ್ತಿದ್ದೆ. ಟಿವಿಯ ಪ್ರೋಗ್ರಾಮ್ ಎರಡು ಸೆಕೆಂಡಿಗೊಮ್ಮೆ ಅಲ್ಲಿಂದ ಮೊತ್ತ ಓದಿ ತೋರಿಸಲಿ. ಗಡ್ಡೆ ಜಾರಿ ಲಾರಿಗೆ ಬೀಳುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.